ಹೆಲ್ಮೆಟ್ ಗ್ಲಾಸ್ ಕೊಳ್ಳುವ ಮುಂಚೆ ನಿಮ್ಮ ದಾರಿ ಯಾವ ದಿಕ್ಕಿಗಿದೆ ನೋಡಿಕೊಳ್ಳಿ

ಬಿಸಿಲಿಗೆ ತಾನೇ ಕಪ್ಪಾಗುವ, ನೆರಳಿಗೆ ಬಂದರೆ ತಾನೇ ತಿಳಿಯಾಗುವ ಹೆಲ್ಮೆಟ್ ಗ್ಲಾಸ್ ಬಗ್ಗೆ ಈಗ ಸುಮಾರು ಜನ ವಿಚಾರಿಸುತ್ತಾರೆ. ತಗೊಳ್ಳಲಾ, ಅಷ್ಟು ದುಡ್ಡು ಕೊಡುವುದು ವರ್ತ್ ಇದೆಯಾ ಎಂದು. ಎಲ್ಲರಿಗೂ ಒಂದೇ ಉತ್ತರ ಇಲ್ಲ. ಬೆಳಿಗ್ಗೆ ಎಷ್ಟು ಗಂಟೆಗೆ ಮನೆ ಬಿಡುತ್ತೀರಿ, ಗಾಡಿ ಯಾವ ಕಡೆ ಮುಖ ಮಾಡಿ ಹೋಗುತ್ತದೆ, ವಾಪಸ್ ಬರುವುದು ಬಿಸಿಲಿರುವಾಗಲಾ ಕತ್ತಲಾದ ಮೇಲಾ, ಇದರ ಮೇಲೆ ನಿಂತಿದೆ. ಕಂಪನಿ, ಬಣ್ಣ, ಬೆಲೆ ಎಲ್ಲ ಆಮೇಲೆ.

ತುಮಕೂರನ್ನೇ ತಗೊಳ್ಳಿ. ಇಲ್ಲಿಂದ ಹಿರೇಹಳ್ಳಿ, ದಾಬಸ್‌ಪೇಟೆ, ನೆಲಮಂಗಲ ಕಡೆ ದಿನಾ ಬೈಕಲ್ಲಿ ಕೆಲಸಕ್ಕೆ ಹೋಗುವವರು ಬೇಕಾದಷ್ಟು ಜನ ಇದ್ದಾರೆ. ಹೆದ್ದಾರಿ 48 ಊರು ಬಿಟ್ಟ ಮೇಲೆ ಬೆಂಗಳೂರು ಕಡೆ ಆಗ್ನೇಯಕ್ಕೆ ಹೋಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಹುಟ್ಟುವುದೂ ನೇರ ಪೂರ್ವದಲ್ಲಲ್ಲ, ದಕ್ಷಿಣಕ್ಕೆ ಸರಿದು, ಆಗ್ನೇಯದ ಕಡೆಗೇ. ಹಾಗಾಗಿ ಕ್ಯಾತ್ಸಂದ್ರ ದಾಟಿದರೆ ಸಾಕು, ಏಳೂವರೆ ಎಂಟರ ಹೊತ್ತಿನ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ. ಮುಂದೆ ಹೋಗುವ ಲಾರಿಯ ಬ್ರೇಕ್ ಲೈಟ್ ಹತ್ತಿತೋ ಇಲ್ಲವೋ ಗೊತ್ತಾಗುವುದಿಲ್ಲ. ಸಂಜೆ ವಾಪಸ್ ಬರುವಾಗ ಮುಖ ವಾಯವ್ಯಕ್ಕೆ. ಬೇಸಿಗೆಯಲ್ಲಿ ಸೂರ್ಯ ಮುಳುಗುವುದೂ ಪಶ್ಚಿಮದಿಂದ ಉತ್ತರಕ್ಕೆ ವಾಲಿದ ಕಡೆ. ಹೋಗುವಾಗಲೂ ಎದುರು, ಬರುವಾಗಲೂ ಎದುರು. ಗುಬ್ಬಿಯಿಂದ ತುಮಕೂರಿಗೆ ಬಂದು ಹೋಗುವವರದ್ದೂ ಇದೇ ಪಾಡು.

ಅದೇ ತುಮಕೂರಿನಿಂದ ವಸಂತನರಸಾಪುರದ ಫ್ಯಾಕ್ಟರಿಗಳಿಗೆ ಹೋಗುವವರನ್ನು ನೋಡಿ. ಶಿರಾ ಕಡೆ, ಹೆಚ್ಚು ಕಡಿಮೆ ಉತ್ತರಕ್ಕೆ ಹೋಗುತ್ತಾರೆ. ಬೆಳಿಗ್ಗೆ ಬಿಸಿಲು ಬಲಗಡೆ ಹಿಂದಿನಿಂದ ಬೀಳುತ್ತದೆ, ಸಂಜೆ ತಿರುಗಿ ಬರುವಾಗಲೂ ಬಲಗಡೆಯಿಂದಲೇ. ಕಣ್ಣಿಗೆ ನೇರ ಹೊಡೆಯುವುದು ಕಡಿಮೆ. ಕೋಲಾರದಿಂದ ನರಸಾಪುರಕ್ಕೆ ಹೋಗುವವರು ಇನ್ನೂ ಅದೃಷ್ಟವಂತರು, ಬೆಳಿಗ್ಗೆ ಪಶ್ಚಿಮಕ್ಕೆ ಹೋಗಿ ಸಂಜೆ ಪೂರ್ವಕ್ಕೆ ಬರುತ್ತಾರೆ, ಎರಡು ಹೊತ್ತೂ ಸೂರ್ಯ ಬೆನ್ನಿಗೆ. ಇಂಥವರು ಬಣ್ಣ ಬದಲಾಗುವ ಗ್ಲಾಸಿಗೆ ಸಾವಿರಾರು ರೂಪಾಯಿ ಹಾಕುವ ಮುಂಚೆ ಎರಡು ಸಲ ಯೋಚನೆ ಮಾಡಬೇಕು. ಒಂದು ಒಳ್ಳೆ ಬಿಳಿ ಗ್ಲಾಸು, ಅದೂ ಗೀರಿಲ್ಲದ್ದು, ಸಾಕಾಗಬಹುದು. ಆದರೆ ನಿಮಗೆ ಬಿಸಿಲು ಬೆನ್ನಿಗಿದೆ ಎಂದರೆ ಎದುರಿಗೆ ಬರುವವನಿಗೆ ಅದು ಕಣ್ಣಿಗೇ ಬೀಳುತ್ತಿದೆ ಎಂದರ್ಥ, ಅವನಿಗೆ ನೀವು ಕಾಣುತ್ತಿಲ್ಲ ಎಂದುಕೊಂಡೇ ಓಡಿಸಿ. ಹೆಡ್‌ಲೈಟ್ ಹಾಕಿರಲಿ.

ಮೊದಲು ಹೆಲ್ಮೆಟ್

ಕೈಯಲ್ಲಿರುವುದು ಮೂರು ಸಾವಿರ ಎಂದಿಟ್ಟುಕೊಳ್ಳಿ. ಅದರಲ್ಲಿ ದೊಡ್ಡ ಪಾಲು ಹೆಲ್ಮೆಟ್ಟಿಗೇ ಹೋಗಬೇಕು. ತಲೆಗೆ ಸರಿಯಾಗಿ ಕೂರದ ಹೆಲ್ಮೆಟ್ಟಿಗೆ ಎಂಥ ಗ್ಲಾಸ್ ಹಾಕಿಸಿ ಏನು ಪ್ರಯೋಜನ?

ಐಎಸ್‌ಐ ಗುರುತು ಇರಲೇಬೇಕು. ನಮ್ಮ ದೇಶದಲ್ಲಿ ದ್ವಿಚಕ್ರ ಹೆಲ್ಮೆಟ್ಟಿನ ಮಾನದಂಡ ಐಎಸ್ 4151. 2021ರ ಜೂನ್ 1ರಿಂದ ಈ ಗುರುತಿಲ್ಲದ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ಕಾನೂನಿಗೆ ವಿರುದ್ಧ. ಹಾಗಿದ್ದರೂ ಹೆದ್ದಾರಿ ಪಕ್ಕ ಟಾರ್ಪಾಲ್ ಹಾಸಿ ರಾಶಿ ಹಾಕಿ ಮಾರುವುದು ನಿಂತಿಲ್ಲ. ಆ ರಾಶಿಯಲ್ಲೂ ಐಎಸ್‌ಐ ಸ್ಟಿಕ್ಕರ್ ಅಂಟಿಸಿರುತ್ತಾರೆ. ಬರೀ ಸ್ಟಿಕ್ಕರ್ ನಂಬಬೇಡಿ. ಗುರುತಿನ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಬಿಐಎಸ್ ಕೇರ್ ಎನ್ನುವ ಸರ್ಕಾರದ ಆ್ಯಪ್ ಮೊಬೈಲಿಗೆ ಹಾಕಿಕೊಂಡು ಆ ನಂಬರ್ ಕೊಟ್ಟರೆ ಯಾವ ಕಂಪನಿಯದ್ದು, ಲೈಸೆನ್ಸ್ ಚಾಲ್ತಿಯಲ್ಲಿದೆಯಾ ಎಲ್ಲ ತೋರಿಸುತ್ತದೆ. ಡಬ್ಬದ ಮೇಲಿನ ಹೆಸರು ಒಂದು, ಆ್ಯಪ್ ತೋರಿಸುವ ಹೆಸರು ಇನ್ನೊಂದು ಆಗಿದ್ದರೆ ಅಲ್ಲೇ ಇಟ್ಟು ಬನ್ನಿ.

ಒಳಗಿನ ಬಟ್ಟೆ ಸ್ವಲ್ಪ ಸರಿಸಿ ನೋಡಿ. ದಪ್ಪ ಥರ್ಮಾಕೋಲಿನ ಪದರ ಕಾಣಬೇಕು. ಏಟು ಬಿದ್ದಾಗ ಆ ಪದರ ಕುಸಿದು ಏಟಿನ ರಭಸ ಕುಡಿದುಕೊಳ್ಳುತ್ತದೆ, ಹೊರಗಿನ ಚಿಪ್ಪು ಅದನ್ನು ಅಗಲಕ್ಕೆ ಹಂಚುತ್ತದೆ. ಬೆರಳಲ್ಲಿ ಒತ್ತಿದರೆ ಮೆತ್ತಗೆ ಒಳಗೆ ಹೋಗಿ ಮತ್ತೆ ಉಬ್ಬಿಕೊಳ್ಳುವ ಬರೀ ಸ್ಪಂಜು ಸಿಕ್ಕಿತು ಎಂದರೆ ಅದು ಹೆಲ್ಮೆಟ್ ಅಲ್ಲ, ಟೋಪಿ. ಒಮ್ಮೆ ಕುಸಿದ ಥರ್ಮಾಕೋಲ್ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ಅದಕ್ಕೇ ಒಮ್ಮೆ ಬಿದ್ದು ಪೆಟ್ಟಾದ ಹೆಲ್ಮೆಟ್, ಹೊರಗೆ ಚೆನ್ನಾಗಿ ಕಂಡರೂ, ಬದಲಾಯಿಸಬೇಕು. ಸೆಕೆಂಡ್ ಹ್ಯಾಂಡ್ ಹೆಲ್ಮೆಟ್ ತಗೊಳ್ಳಬೇಡಿ ಎನ್ನುವುದಕ್ಕೂ ಇದೇ ಕಾರಣ. ಪೆಟ್ಟು ಬೀಳದಿದ್ದರೂ ಸುಮಾರು ಐದು ವರ್ಷಕ್ಕೆ ಬದಲಾಯಿಸಿ ಎಂದು ಹೆಚ್ಚಿನ ಕಂಪನಿಗಳೇ ಹೇಳುತ್ತವೆ. ಲೇಬಲ್ಲಿನಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ, ಅಂಗಡಿಯಲ್ಲೇ ಎರಡು ಮೂರು ವರ್ಷ ಧೂಳು ಹೊಡೆದುಕೊಂಡು ಕೂತದ್ದನ್ನು ಪೂರ್ತಿ ಬೆಲೆಗೆ ತಗೊಳ್ಳಬೇಡಿ.

ಫುಲ್ ಫೇಸೇ, ಅಂದರೆ ಗದ್ದವನ್ನೂ ಮುಚ್ಚುವ ಹೆಲ್ಮೆಟ್ಟೇ ತಗೊಳ್ಳಿ. ಊರೊಳಗೆ ಬಟವಾಡಿಯಿಂದ ಟೌನ್ ಹಾಲ್‌ವರೆಗೆ ಮಾತ್ರ ಓಡಾಡುವುದು, ಹಾಫ್ ಹೆಲ್ಮೆಟ್ ಸಾಕು ಎನ್ನುವವರಿದ್ದಾರೆ. ಬೈಕಿನಿಂದ ಬಿದ್ದಾಗ ಗದ್ದ, ದವಡೆ ನೆಲಕ್ಕೆ ತಾಗುವುದು ತೀರಾ ಸಾಮಾನ್ಯ, ಅದಕ್ಕೆ ಅಡ್ಡ ನಿಲ್ಲುವುದು ಗದ್ದದ ಭಾಗ ಮಾತ್ರ. ಗೇಟಿನಲ್ಲಿ ಸೆಕ್ಯುರಿಟಿಗೆ ಮುಖ ತೋರಿಸಬೇಕು, ಪದೇ ಪದೇ ಮಾತಾಡಬೇಕು ಎನ್ನುವವರಿಗೆ ಗದ್ದದ ಭಾಗ ಮೇಲೆತ್ತುವ ಫ್ಲಿಪ್ ಅಪ್ ಸರಿಹೋಗುತ್ತದೆ. ಸ್ವಲ್ಪ ಭಾರ ಜಾಸ್ತಿ. ಓಡಿಸುವಾಗ ಅದನ್ನು ಎತ್ತಿಟ್ಟುಕೊಂಡು ಹೋಗಬೇಡಿ ಅಷ್ಟೇ.

ಈಗ ಅಳತೆ. ಬಹಳಷ್ಟು ಜನ ಎಡವುವುದು ಇಲ್ಲೇ, ಯಾಕೆಂದರೆ ಹೊಸ ಹೆಲ್ಮೆಟ್ ಬಿಗಿ ಅನಿಸುತ್ತದೆ, ಅಂಗಡಿಯವರೂ ತಲೆನೋವು ಬೇಡ ಎಂದು ಒಂದು ಸೈಜ್ ದೊಡ್ಡದೇ ಕೊಟ್ಟುಬಿಡುತ್ತಾರೆ. ಮನೆಯಲ್ಲೇ ಟೈಲರ್ ಟೇಪಿನಲ್ಲಿ ಅಳೆದುಕೊಂಡು ಹೋಗಿ. ಹುಬ್ಬಿನಿಂದ ಒಂದು ಇಂಚು ಮೇಲೆ ಹಿಡಿದು, ಕಿವಿಯ ಮೇಲಿಂದ, ಹಿಂದೆ ತಲೆ ಎಲ್ಲಿ ಉಬ್ಬಿದೆಯೋ ಅಲ್ಲಿ ಸುತ್ತಿ ಅಳೆಯಿರಿ. 58 ಸೆಂಟಿಮೀಟರ್ ಬಂತು ಎಂದರೆ ಒಂದು ಕಂಪನಿಯಲ್ಲಿ ಅದು ಮೀಡಿಯಂ, ಇನ್ನೊಂದರಲ್ಲಿ ಲಾರ್ಜ್. ಹಾಗಾಗಿ ಎಂ ಕೊಡಿ, ಎಲ್ ಕೊಡಿ ಎನ್ನಬೇಡಿ, ಸೆಂಟಿಮೀಟರ್ ಹೇಳಿ. ಕೆಲವರು ಮಿಲಿಮೀಟರಿನಲ್ಲಿ 580 ಎಂದು ಬರೆದಿರುತ್ತಾರೆ, ಎರಡೂ ಒಂದೇ.

ಹಾಕಿಕೊಂಡ ಮೇಲೆ ಕೆನ್ನೆ ಒಳಕ್ಕೆ ಒತ್ತಬೇಕು. ಮಾತಾಡಿದರೆ ಕೆನ್ನೆಯ ಒಳಭಾಗ ಹಲ್ಲಿಗೆ ತಾಗುವಷ್ಟು ಬಿಗಿ ಇದ್ದರೂ ಪರವಾಗಿಲ್ಲ, ಕೆಲವು ವಾರದಲ್ಲಿ ಕೆನ್ನೆಯ ಪ್ಯಾಡ್ ಸಡಿಲ ಆಗುತ್ತದೆ. ಹಣೆ ಮೇಲೆ ಒಂದೇ ಕಡೆ ಒತ್ತಿ ನೋವು ಬಂದರೆ ಮಾತ್ರ ಆ ಮಾಡೆಲ್ ಬಿಡಿ, ನಿಮ್ಮ ತಲೆಯ ಆಕಾರಕ್ಕೆ ಅದು ಹೊಂದುವುದಿಲ್ಲ, ದೊಡ್ಡ ಸೈಜ್ ತಗೊಂಡರೂ ಸರಿಹೋಗುವುದಿಲ್ಲ. ಸ್ಟ್ರಾಪ್ ಹಾಕದೆ ತಲೆ ಆ ಕಡೆ ಈ ಕಡೆ ಅಲ್ಲಾಡಿಸಿ, ಹೆಲ್ಮೆಟ್ ತಲೆಯ ಜೊತೆಗೇ ತಿರುಗಬೇಕು. ಆಮೇಲೆ ಸ್ಟ್ರಾಪ್ ಬಿಗಿದು, ಗಂಟಲಿಗೂ ಸ್ಟ್ರಾಪಿಗೂ ನಡುವೆ ಎರಡು ಬೆರಳು ಹೋಗುವಷ್ಟು ಜಾಗ ಬಿಟ್ಟು, ಹಿಂದಿನಿಂದ ಹೆಲ್ಮೆಟ್ಟಿನ ಅಂಚು ಹಿಡಿದು ಮೇಲಕ್ಕೆತ್ತಿ ಮುಂದಕ್ಕೆ ಉರುಳಿಸಲು ಬೇರೆಯವರಿಗೆ ಹೇಳಿ. ಕಳಚಿ ಬಂದರೆ ಬೇಡ. ಇಷ್ಟಾದ ಮೇಲೂ ಹತ್ತು ಹದಿನೈದು ನಿಮಿಷ ಹಾಕಿಕೊಂಡೇ ಅಂಗಡಿಯಲ್ಲಿ ನಿಂತಿರಿ. ಅಂಗಡಿಯವರು ಏನಂದುಕೊಳ್ಳುತ್ತಾರೋ ಎಂಬ ಸಂಕೋಚ ಬೇಡ, ಸುಮ್ನೆ ಬೇರೆ ಮಾಡೆಲ್ ನೋಡುತ್ತಾ ಇರಿ. ತೆಗೆದ ಮೇಲೆ ಕನ್ನಡಿಯಲ್ಲಿ ಹಣೆ ನೋಡಿಕೊಳ್ಳಿ. ಸುತ್ತಲೂ ತೆಳ್ಳಗೆ ಗುರುತು ಬಿದ್ದಿದ್ದರೆ ಸರಿ, ನಡುಹಣೆಯಲ್ಲಿ ಒಂದೇ ಕೆಂಪು ಮಚ್ಚೆ ಇದ್ದರೆ ಬೇರೆ ನೋಡಿ.

ಹೆಣ್ಣುಮಕ್ಕಳು ಅಳತೆ ನೋಡುವಾಗ ದಿನಾ ಕೆಲಸಕ್ಕೆ ಹೋಗುವಾಗ ಹೇಗೆ ಕೂದಲು ಕಟ್ಟುತ್ತೀರೋ ಹಾಗೇ ಕಟ್ಟಿಕೊಂಡು ಹೋಗಿ. ತುರುಬು, ಎತ್ತರಕ್ಕೆ ಕಟ್ಟಿದ ಜುಟ್ಟು, ದೊಡ್ಡ ಕ್ಲಿಪ್ ಇದ್ದರೆ ಹೆಲ್ಮೆಟ್ ಪೂರ್ತಿ ಕೆಳಗೆ ಇಳಿಯುವುದಿಲ್ಲ, ಹಣೆ ಬಯಲಾಗುತ್ತದೆ. ಕುತ್ತಿಗೆಯ ಹತ್ತಿರ ಸಡಿಲವಾಗಿ ಹಾಕಿದ ಜಡೆಯೇ ಒಳ್ಳೆಯದು. ಕ್ಲಿಪ್ ಮೇಲೆ ಹೆಲ್ಮೆಟ್ ಕೂತರೆ ಏಟು ಬಿದ್ದಾಗ ಆ ಕ್ಲಿಪ್ಪೇ ತಲೆಗೆ ಚುಚ್ಚುತ್ತದೆ.

ಹಿಂದೆ ಕೂರುವವರಿಗೂ ಇದೆಲ್ಲ ಅನ್ವಯಿಸುತ್ತದೆ. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಪ್ರಕಾರ ನಾಲ್ಕು ವರ್ಷ ದಾಟಿದವರಿಗೆ ಹೆಲ್ಮೆಟ್ ಕಡ್ಡಾಯ. ಮನೆಯಲ್ಲಿ ಒಬ್ಬರಿಗೆ ಐದು ಸಾವಿರದ್ದು, ಹಿಂದೆ ಕೂರುವ ಹೆಂಡತಿಗೆ ಮುನ್ನೂರರ ಟೋಪಿ, ಇದು ದಯವಿಟ್ಟು ಬೇಡ. ಇಬ್ಬರೂ ಬೀಳುವುದು ಅದೇ ರಸ್ತೆಗೆ.

ಈಗ ಬಣ್ಣ ಬದಲಾಗುವ ಗ್ಲಾಸಿನ ವಿಷಯ

ಇದರಲ್ಲಿ ಎರಡು ಜಾತಿ. ಒಂದು ಫೋಟೋಕ್ರೊಮಿಕ್. ಪ್ಲಾಸ್ಟಿಕ್ಕಿನಲ್ಲೇ, ಅಥವಾ ಅದರ ಮೇಲಿನ ಪದರದಲ್ಲಿ, ಒಂದು ಬಗೆಯ ಅಣುಗಳಿರುತ್ತವೆ. ಬಿಸಿಲಿನ ಅಲ್ಟ್ರಾವೈಲೆಟ್ ಕಿರಣ, ಅಂದರೆ ಯುವಿ, ತಾಗಿದ ಕೂಡಲೇ ಅವು ಆಕಾರ ಬದಲಿಸಿ ಬೆಳಕು ಹೀರತೊಡಗುತ್ತವೆ, ಗ್ಲಾಸ್ ಕಪ್ಪಾಗುತ್ತದೆ. ಯುವಿ ನಿಂತರೆ ನಿಧಾನಕ್ಕೆ ಮೊದಲಿನ ಆಕಾರಕ್ಕೆ ಬರುತ್ತವೆ. ಬ್ಯಾಟರಿ ಬೇಡ, ಬಟನ್ ಬೇಡ. ಇನ್ನೊಂದು ಎಲ್‌ಸಿಡಿ ಜಾತಿಯದ್ದು. ಕರೆಂಟಿನಿಂದ ನಡೆಯುತ್ತದೆ, ಬೆಳಕು ಗುರುತಿಸುವ ಸೆನ್ಸರ್ ಅಥವಾ ಒಂದು ಬಟನ್ ಇರುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಾಗುತ್ತದೆ. ಬೆಲೆ ವಿಪರೀತ, ನಮ್ಮ ಕಡೆ ಅಂಗಡಿಯಲ್ಲಿ ಸಿಗುವುದು ಅಪರೂಪ. ಯಾರಾದರೂ ತರಿಸಿಕೊಳ್ಳುವುದಾದರೆ ಒಂದು ಪ್ರಶ್ನೆ ಮರೆಯದೆ ಕೇಳಿ. ಚಾರ್ಜ್ ಮುಗಿದಾಗ ಗ್ಲಾಸ್ ತಿಳಿಯಾಗಿ ನಿಲ್ಲುತ್ತದೋ ಕಪ್ಪಾಗಿ ನಿಲ್ಲುತ್ತದೋ? ಕಪ್ಪಾಗಿ ನಿಲ್ಲುವುದಾದರೆ ಬೇಡವೇ ಬೇಡ.

ಫೋಟೋಕ್ರೊಮಿಕ್ಕಿನಲ್ಲಿ ತಿಳಿದಿರಬೇಕಾದ್ದು ಮೂರ್ನಾಲ್ಕು ಇದೆ, ಜಾಹೀರಾತಿನಲ್ಲಿ ಇವನ್ನು ದೊಡ್ಡಕ್ಷರದಲ್ಲಿ ಹಾಕುವುದಿಲ್ಲ.

ಇದು ಕಣ್ಣಿಗೆ ಕುಕ್ಕುವ ಬೆಳಕನ್ನು ನೋಡಿ ಕಪ್ಪಾಗುವುದಲ್ಲ, ಯುವಿ ನೋಡಿ ಕಪ್ಪಾಗುವುದು. ಎರಡೂ ಒಂದೇ ಅಲ್ಲ. ಮಧ್ಯಾಹ್ನ ಸೂರ್ಯ ನೆತ್ತಿ ಮೇಲಿರುವಾಗ ಯುವಿ ಜೋರಾಗಿರುತ್ತದೆ, ಗ್ಲಾಸ್ ಚೆನ್ನಾಗಿ ಕಪ್ಪಾಗುತ್ತದೆ. ಬೆಳಿಗ್ಗೆ ಏಳರ, ಸಂಜೆ ಆರರ ಇಳಿಬಿಸಿಲು ಹಾಗಲ್ಲ. ಸೂರ್ಯ ಕೆಳಗಿರುವುದರಿಂದ ಬೆಳಕು ಗಾಳಿಯಲ್ಲಿ ಬಹಳ ದೂರ ಹಾದು ಬರಬೇಕು, ಆ ದಾರಿಯಲ್ಲೇ ಯುವಿ ಬಹುಪಾಲು ಕಳೆದುಹೋಗುತ್ತದೆ. ಕಣ್ಣಿಗೆ ಹೊಡೆಯುವ ಬೆಳಕು ಮಾತ್ರ ಉಳಿಯುತ್ತದೆ. ಅಂದರೆ ದಾಬಸ್‌ಪೇಟೆ ದಾರಿಯಲ್ಲಿ ನಿಮಗೆ ಗ್ಲಾಸ್ ಅತ್ಯಂತ ಬೇಕಾಗಿರುವ ಹೊತ್ತಿನಲ್ಲೇ ಅದು ಅರೆಬರೆ ಕೆಲಸ ಮಾಡುತ್ತದೆ. ಜನರಲ್ ಶಿಫ್ಟಿನವರು, ಎರಡು ಹೊತ್ತೂ ಇಳಿಬಿಸಿಲಿನಲ್ಲೇ ಓಡಾಡುವವರು, ಹತ್ತು ಸಾವಿರ ಕೊಡುವ ಮುಂಚೆ ಈ ಒಂದು ವಿಷಯ ಗಟ್ಟಿಯಾಗಿ ತಲೆಯಲ್ಲಿ ಇಟ್ಟುಕೊಳ್ಳಿ.

ಇನ್ನೊಂದು, ಕಪ್ಪಾಗುವುದು ಬೇಗ, ತಿಳಿಯಾಗುವುದು ನಿಧಾನ. ಬಿಸಿಲಿಗೆ ಹೋದರೆ ಒಂದು ನಿಮಿಷದೊಳಗೆ ಒಳ್ಳೆ ಬಣ್ಣ ಬರುತ್ತದೆ, ಪೂರ್ತಿ ತಿಳಿಯಾಗಲು ಕೆಲವು ನಿಮಿಷ ಹಿಡಿಯುತ್ತದೆ. ಹೆದ್ದಾರಿಯ ಅಂಡರ್‌ಪಾಸಿನೊಳಗೆ ನೀವು ಇರುವುದು ಕೆಲವೇ ಸೆಕೆಂಡ್. ಅಷ್ಟರಲ್ಲಿ ಗ್ಲಾಸ್ ಬದಲಾಗುವುದೇ ಇಲ್ಲ. ಒಳಗೆ ನಿಂತ ಆಟೋ, ಅಡ್ಡ ಬಂದ ದನ, ಗುಂಡಿ ಯಾವುದೂ ಕಾಣುವುದಿಲ್ಲ. ಅಂಥ ಜಾಗಕ್ಕೆ ಮುಂಚೆಯೇ ವೇಗ ಇಳಿಸಿ, ಗ್ಲಾಸ್ ಕಣ್ಣಿಗೆ ಅಡ್ಡ ಬರದಷ್ಟು ಮೇಲೆತ್ತಿ ಹೋಗಿ.

ಸೆಕೆಯೂ ಲೆಕ್ಕಕ್ಕೆ ಬರುತ್ತದೆ. ಬಿಸಿ ಜಾಸ್ತಿಯಾದಷ್ಟೂ ಆ ಅಣುಗಳು ಬೇಗ ಬೇಗ ಹಿಂದಿನ ಆಕಾರಕ್ಕೆ ಮರಳುತ್ತವೆ, ಹಾಗಾಗಿ ಏಪ್ರಿಲ್ ಮಧ್ಯಾಹ್ನ ಗ್ಲಾಸ್ ಅಂದುಕೊಂಡಷ್ಟು ಕಪ್ಪಾಗುವುದಿಲ್ಲ. ಜನವರಿಯ ಚಳಿಯಲ್ಲಿ ಇದೇ ಗ್ಲಾಸ್ ಜಾಸ್ತಿ ಕಪ್ಪಾಗುತ್ತದೆ, ತಿಳಿಯಾಗಲು ಇನ್ನೂ ಹೊತ್ತು ಹಿಡಿಯುತ್ತದೆ. ತಂಪು ದೇಶದವರು ಮಾಡಿದ ವಿಡಿಯೋ ನೋಡಿ ನಮ್ಮ ಬೇಸಿಗೆಯಲ್ಲೂ ಹಾಗೇ ಇರುತ್ತದೆ ಅಂದುಕೊಳ್ಳಬೇಡಿ. ಜೊತೆಗೆ ವರ್ಷಗಟ್ಟಲೆ ಬಿಸಿಲು ತಿಂದು ತಿಂದು ಬಣ್ಣ ಬದಲಿಸುವ ಶಕ್ತಿಯೇ ಕುಗ್ಗುತ್ತದೆ. ಡ್ಯೂಟಿ ಮುಗಿಯುವವರೆಗೆ ಹೆಲ್ಮೆಟ್ಟನ್ನು ಪಾರ್ಕಿಂಗಿನಲ್ಲಿ ಬೈಕ್ ಮೇಲೆ ಬಿಸಿಲಿಗೆ ನೇತುಹಾಕಿ ಹೋದರೆ, ನೀವು ಬಳಸದೇ ಇರುವಾಗಲೂ ಅದು ಸವೆಯುತ್ತಿರುತ್ತದೆ. ಒಳಗೆ ತಗೊಂಡು ಹೋಗಿ, ಇಲ್ಲವೇ ಬಟ್ಟೆಯ ಚೀಲದಲ್ಲಿ ಹಾಕಿ.

ಹಾಗಾದರೆ ಇದು ಯಾರಿಗೆ ಒಳ್ಳೆಯದು? ದಿನವಿಡೀ ರಸ್ತೆಯಲ್ಲೇ ಇರುವವರಿಗೆ. ಬೆಳಿಗ್ಗೆ ಒಂಬತ್ತಕ್ಕೆ ಹೊರಟು ಮಧುಗಿರಿ, ಕೊರಟಗೆರೆ, ಪಾವಗಡ ಎಂದು ಸುತ್ತಿ ರಾತ್ರಿ ಮನೆಗೆ ಬರುವ ಸೇಲ್ಸ್‌ನವರು, ಫೈನಾನ್ಸ್ ಕಲೆಕ್ಷನ್‌ನವರು, ಮೆಡಿಕಲ್ ರೆಪ್‌ಗಳು. ಮಧ್ಯಾಹ್ನದ ಬಿಸಿಲೂ ಸಿಗುತ್ತದೆ, ಕತ್ತಲೂ ಸಿಗುತ್ತದೆ, ಎರಡು ಗ್ಲಾಸ್ ಹೊತ್ತು ತಿರುಗಿ ಬದಲಾಯಿಸುವ ತಾಪತ್ರಯ ತಪ್ಪುತ್ತದೆ. ಎರಡು ಗಂಟೆಗೆ ಶಿಫ್ಟಿಗೆ ಹೋಗಿ ರಾತ್ರಿ ಹತ್ತರ ಮೇಲೆ ವಾಪಸ್ ಬರುವವರಿಗೂ ಇದು ನಿಜಕ್ಕೂ ಉಪಯೋಗ. ಹೋಗುವಾಗ ಸುಡು ಬಿಸಿಲು, ಬರುವಾಗ ಕತ್ತಲೆ, ನಡುವೆ ತಿಳಿಯಾಗಲು ಬೇಕಾದಷ್ಟು ಸಮಯ. ಇವರಿಗೆ ದುಡ್ಡು ಇದ್ದರೆ ತಗೊಳ್ಳಿ ಎಂದೇ ಹೇಳುತ್ತೇನೆ.

ಇಳಿಬಿಸಿಲಿನವರಿಗೆ ಕಡಿಮೆ ಖರ್ಚಿನ ದಾರಿ

ದಾಬಸ್‌ಪೇಟೆ ಕಡೆಯವರಿಗೆ, ಗುಬ್ಬಿಯಿಂದ ಬರುವವರಿಗೆ ನಾನು ಹೇಳುವುದು ಇದು. ಬಿಳಿ ಗ್ಲಾಸ್ ಜೊತೆಗೆ ಒಳಗೆ ಇಳಿಸುವ ಸನ್ ವೈಸರ್ ಇರುವ ಹೆಲ್ಮೆಟ್ ನೋಡಿ. ಪಕ್ಕದಲ್ಲೋ ಮೇಲೋ ಒಂದು ಸಣ್ಣ ಲಿವರ್ ಇರುತ್ತದೆ, ಜಾರಿಸಿದರೆ ಕಪ್ಪು ಗ್ಲಾಸ್ ಕಣ್ಣಿನ ಮುಂದೆ ಇಳಿಯುತ್ತದೆ. ಯುವಿ ಇರಲಿ ಇಲ್ಲದಿರಲಿ ಅದು ಕಪ್ಪೇ. ಅಂಡರ್‌ಪಾಸ್ ಬಂತು, ಎಡಗೈಯಲ್ಲಿ ತಳ್ಳಿದರೆ ಮೇಲೆ ಹೋಯಿತು. ಕೊಳ್ಳುವಾಗ ಆ ಲಿವರ್ ಗ್ಲೌಸ್ ಹಾಕಿದ ಕೈಗೂ ಸಿಗುತ್ತದಾ, ಅರ್ಧಕ್ಕೆ ಸಿಕ್ಕಿಹಾಕಿಕೊಳ್ಳುತ್ತದಾ, ಇಳಿಸಿದಾಗ ಮೂಗಿಗೆ ತಾಗುತ್ತದಾ ನೋಡಿ. ಕನ್ನಡಕದವರು ಕನ್ನಡಕ ಹಾಕಿಕೊಂಡೇ ನೋಡಬೇಕು. ಇಂಥ ಹೆಲ್ಮೆಟ್ಟಿನಲ್ಲಿ ಹಣೆಯ ಮೇಲೆ ಆ ಗ್ಲಾಸ್ ಅಡಗಿಕೊಳ್ಳಲು ಜಾಗ ಬಿಡಬೇಕಲ್ವಾ, ಅಲ್ಲಿ ಥರ್ಮಾಕೋಲ್ ತೆಳ್ಳಗಾಗಬಹುದು, ಅದಕ್ಕೇ ಇದರಲ್ಲಿ ತೀರಾ ಅಗ್ಗದ್ದಕ್ಕೆ ಹೋಗಬೇಡಿ, ಹೆಸರಿರುವ ಕಂಪನಿಯದ್ದೇ ತಗೊಳ್ಳಿ.

ಇದಕ್ಕಿಂತ ಕಡಿಮೆ ಖರ್ಚಿನದ್ದೂ ಇದೆ. ನಂಬರ್ ಪ್ಲೇಟ್ ಬರೆಯುವ ರೇಡಿಯಂ ಸ್ಟಿಕ್ಕರ್ ಅಂಗಡಿಗೆ ಹೋಗಿ, ಗ್ಲಾಸಿನ ಮೇಲಂಚಿಗೆ ಹೊಂದುವ ಹಾಗೆ ಕಪ್ಪು ಸ್ಟಿಕ್ಕರಿನ ಪಟ್ಟಿ ಕತ್ತರಿಸಿಕೊಡಿ ಎನ್ನಿ. ಎರಡು ಮೂರು ಸೆಂಟಿಮೀಟರ್ ಅಗಲ ಸಾಕು. ಹೊರಗಡೆಯಿಂದ ಅಂಟಿಸಿ. ಬಿಸಿಲು ನೇರ ಎದುರು ಬಂದಾಗ ಗದ್ದ ಚೂರು ಕೆಳಗಿಳಿಸಿದರೆ ಸೂರ್ಯ ಆ ಪಟ್ಟಿಯ ಹಿಂದೆ ಮರೆಯಾಗುತ್ತಾನೆ, ರಸ್ತೆ ಪೂರ್ತಿ ಕಾಣುತ್ತದೆ. ರೇಸಿನಲ್ಲಿ ಓಡಿಸುವವರ ಹೆಲ್ಮೆಟ್ ಮೇಲೆ ಕಾಣುವ ಪಟ್ಟಿಯೂ ಇದೇ ಕೆಲಸ ಮಾಡುತ್ತದೆ. ಅಂಟಿಸುವ ಮುಂಚೆ ಬೈಕ್ ಮೇಲೆ ಕೂತು, ದಿನಾ ಕೂರುವ ಹಾಗೆ ಕೂತು, ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಳ್ಳಿ. ಪಟ್ಟಿ ತುಂಬಾ ಕೆಳಗೆ ಬಂದರೆ ಸಿಗ್ನಲ್ ದೀಪ ಮರೆಯಾಗುತ್ತದೆ.

ಕಪ್ಪು ಗ್ಲಾಸ್, ಸ್ಮೋಕ್, ಕನ್ನಡಿಯ ಹಾಗೆ ಹೊಳೆಯುವ ಮರ್ಕ್ಯುರಿ ಗ್ಲಾಸ್, ಇವನ್ನು ಖಾಯಂ ಹಾಕಿಸಿಕೊಂಡು ರಾತ್ರಿಯೂ ಓಡಿಸುವವರನ್ನು ನೋಡಿದರೆ ಭಯವಾಗುತ್ತದೆ. ಬೀದಿ ದೀಪ ಇಲ್ಲದ ಸರ್ವಿಸ್ ರಸ್ತೆಯಲ್ಲಿ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ನಿಂತಿದ್ದರೆ ಬಿಳಿ ಗ್ಲಾಸಿನಲ್ಲೇ ಕಾಣುವುದು ಕಷ್ಟ. ಗ್ಲಾಸ್ ಎತ್ತಿಕೊಂಡು ಓಡಿಸುತ್ತೇನೆ ಎನ್ನುತ್ತಾರೆ, ಆಗ ಕಣ್ಣಿಗೆ ಹುಳ ಬೀಳುತ್ತದೆ, ಲಾರಿಯಿಂದ ಜಲ್ಲಿ ಚೂರು ಹಾರುತ್ತದೆ.

ಅಂಗಡಿಯಲ್ಲಿ ಪರೀಕ್ಷೆ

ಬಣ್ಣ ಬದಲಾಗುತ್ತದೆ ಎಂದು ಹೇಳಿ ಬರೀ ಮಳೆಬಿಲ್ಲಿನ ಬಣ್ಣದ ಕೋಟಿಂಗ್ ಇರುವ ಗ್ಲಾಸ್ ಕೊಡುವುದು ಸಾಮಾನ್ಯ. ನಿಂತ ಕೋನ ಬದಲಾದರೆ ಅದರ ಬಣ್ಣ ಬದಲಾದ ಹಾಗೆ ಕಾಣುತ್ತದೆ, ಅಷ್ಟೇ. ಕಂಡುಹಿಡಿಯುವುದು ಸುಲಭ. ಗ್ಲಾಸನ್ನು ಅಂಗಡಿಯ ಹೊರಗೆ ಬಿಸಿಲಿಗೆ ತನ್ನಿ, ಅರ್ಧಕ್ಕೆ ಒಂದು ರಟ್ಟು ಮುಚ್ಚಿ, ಒಂದು ನಿಮಿಷ ಬಿಡಿ. ರಟ್ಟು ತೆಗೆದಾಗ ಮುಚ್ಚಿದ ಕಡೆ ತಿಳಿ, ಬಿಸಿಲು ತಾಗಿದ ಕಡೆ ಕಪ್ಪು, ನಡುವೆ ಗೆರೆ ಎಳೆದ ಹಾಗೆ ಅಂಚು ಕಾಣಬೇಕು. ಮೋಡ ಮುಸುಕಿದ್ದರೆ, ಸಂಜೆಯಾಗಿದ್ದರೆ, ಖೋಟಾ ನೋಟು ನೋಡುವ ನೀಲಿ ದೀಪ ಗಲ್ಲಾದಲ್ಲಿದ್ದರೆ ಅದರ ಕೆಳಗೆ ಹಿಡಿಯಿರಿ. ಆ ದೀಪದಲ್ಲಿ ಯುವಿ ಇರುತ್ತದೆ, ನಿಜವಾದ ಫೋಟೋಕ್ರೊಮಿಕ್ ಆಗಿದ್ದರೆ ದೀಪ ಬಿದ್ದ ಜಾಗದಲ್ಲಿ ಮಸಿ ಹಬ್ಬಿದ ಹಾಗೆ ಬಣ್ಣ ಏರುತ್ತದೆ. ಆಮೇಲೆ ನೆರಳಿನಲ್ಲಿಟ್ಟು ಎಷ್ಟು ಹೊತ್ತಿಗೆ ತಿಳಿಯಾಗುತ್ತದೆ ಮೊಬೈಲಿನಲ್ಲಿ ಟೈಮ್ ನೋಡಿ. ಪೂರ್ತಿ ತಿಳಿಯಾದ ಮೇಲೆ ಬಿಳಿ ಹಾಳೆಯ ಮೇಲಿಟ್ಟು ಬಿಳಿ ಗ್ಲಾಸಿನ ಪಕ್ಕ ಹೋಲಿಸಿ. ಕೆಲವು ತಿಳಿಯಾದ ಮೇಲೂ ಹಳದಿಯೋ ಬೂದಿಯೋ ಛಾಯೆ ಉಳಿಸಿಕೊಳ್ಳುತ್ತವೆ, ರಾತ್ರಿ ಓಡಿಸುವವರಿಗೆ ಅದು ಆಗಿಬರುವುದಿಲ್ಲ.

ಮುಖ್ಯವಾಗಿ, ಗ್ಲಾಸ್ ಆಯಾ ಹೆಲ್ಮೆಟ್ ಮಾಡೆಲ್ಲಿಗೇ ಮಾಡಿದ್ದಾಗಿರಬೇಕು. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ತೂತು ಕೊರೆದು, ಸ್ಕ್ರೂ ಹಾಕಿ ಕೂರಿಸಿಕೊಡುತ್ತೇವೆ ಎಂದರೆ ಒಪ್ಪಬೇಡಿ. ಹೊರದೇಶದ ಹೆಲ್ಮೆಟ್ ಕಂಪನಿಗಳ ಫೋಟೋಕ್ರೊಮಿಕ್ ಗ್ಲಾಸ್ ಬರೀ ಗ್ಲಾಸೇ ಹತ್ತು ಸಾವಿರ ದಾಟಬಹುದು, ಅದು ಅವರದೇ ಹೆಲ್ಮೆಟ್ಟಿಗೆ ಮಾತ್ರ. ಹಾಗಾಗಿ ಗ್ಲಾಸ್ ಮನಸ್ಸಿನಲ್ಲಿದ್ದರೆ ಹೆಲ್ಮೆಟ್ ಆರಿಸುವಾಗಲೇ ಈ ಮಾಡೆಲ್ಲಿಗೆ ಅದು ಸಿಗುತ್ತದಾ ಎಂದು ಕೇಳಿಕೊಳ್ಳಿ. ಬಿಳಿ ಗ್ಲಾಸ್ ಬಿಡಿಯಾಗಿ ಸಿಗುತ್ತದಾ ಎನ್ನುವುದನ್ನು ಅದಕ್ಕಿಂತ ಮುಂಚೆ ಕೇಳಿ. ಬೆಳಗಾವಿಯ ವೇಗಾ, ಫರೀದಾಬಾದಿನ ಸ್ಟಡ್ಸ್, ಇಂಥ ನಮ್ಮ ದೇಶದ ಕಂಪನಿಗಳ ಮಾಡೆಲ್‌ಗಳಿಗೆ ಬಿಳಿ ಗ್ಲಾಸ್ ಕೆಲವು ನೂರು ರೂಪಾಯಿಗೆ ಸಿಗುವುದು ದೊಡ್ಡ ಅನುಕೂಲ.

ಕನ್ನಡಕದವರಿಗೆ ಒಂದು ಮಾತು. ಬಿಸಿಲಿಗೆ ಕಪ್ಪಾಗುವ ಕನ್ನಡಕ ಇದೆ, ಹೆಲ್ಮೆಟ್ ಒಳಗೂ ಅದೇ ಕೆಲಸ ಮಾಡುತ್ತದೆ ಅಂದುಕೊಂಡಿದ್ದರೆ, ಮಾಡುವುದಿಲ್ಲ. ಹೆಲ್ಮೆಟ್ ಗ್ಲಾಸ್ ಪಾಲಿಕಾರ್ಬೊನೇಟ್. ಅದು ಯುವಿಯನ್ನು ತಡೆದುಬಿಡುತ್ತದೆ, ಒಳಗಿನ ಕನ್ನಡಕಕ್ಕೆ ಕಪ್ಪಾಗಲು ಕಾರಣವೇ ಸಿಗುವುದಿಲ್ಲ. ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡರೆ ಹೆಲ್ಮೆಟ್ ಗ್ಲಾಸಿನ ಮೇಲೆ ಬಣ್ಣಬಣ್ಣದ ಪಟ್ಟೆ ಕಾಣಬಹುದು, ಹೊಸ ಗಾಡಿಗಳ ಡಿಜಿಟಲ್ ಮೀಟರ್ ಕೆಲವು ಕೋನದಲ್ಲಿ ಕಪ್ಪಾಗಿ ಕಾಣುತ್ತದೆ. ಮಾಮೂಲಿ ಕೂಲಿಂಗ್ ಗ್ಲಾಸೇ ಸಾಕು, ಕಿವಿಗೆ ಸಿಕ್ಕಿಸುವ ಅದರ ಕಡ್ಡಿಗಳು ತೆಳ್ಳಗೆ ನೇರವಾಗಿರಲಿ.

ನೋಡಿಕೊಳ್ಳುವುದು

ಗ್ಲಾಸ್ ಹಾಳಾಗುವುದು ಹೆಚ್ಚಾಗಿ ಒರೆಸುವುದರಿಂದಲೇ. ಕೆಮ್ಮಣ್ಣಿನ ಧೂಳು, ಕ್ರಷರ್ ಲಾರಿಯಿಂದ ಹಾರುವ ಕಲ್ಲಿನ ಪುಡಿ ಗ್ಲಾಸಿನ ಮೇಲೆ ಕೂತಿರುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಅಂಗಿಯ ತೋಳಿನಿಂದ ಒಣಗಿದ್ದನ್ನೇ ಉಜ್ಜಿದರೆ ಉಪ್ಪುಕಾಗದದಲ್ಲಿ ತಿಕ್ಕಿದ ಹಾಗೆ. ಹಗಲಲ್ಲಿ ಆ ಗೀರು ಕಾಣುವುದಿಲ್ಲ. ರಾತ್ರಿ ಎದುರಿನವನ ಹೈ ಬೀಮ್ ಬಿದ್ದಾಗ ಪ್ರತಿ ಗೀರೂ ಬೆಳಗಿ, ಎದುರಿಗೆ ಬೆಳಕಿನ ಬಲೆ ಹರಡಿದ ಹಾಗಾಗಿ ರಸ್ತೆಯೇ ಕಾಣುವುದಿಲ್ಲ. ಮನೆಗೆ ಬಂದು ಒದ್ದೆ ಬಟ್ಟೆ ಗ್ಲಾಸಿನ ಮೇಲೆ ಐದು ಹತ್ತು ನಿಮಿಷ ಹಾಕಿಡಿ, ಕೊಳೆ, ಹುಳ ಎಲ್ಲ ನೆನೆದು ಬಿಡುತ್ತದೆ. ಒಂದು ಹನಿ ಶಾಂಪೂ ಹಾಕಿ ಬೆರಳಲ್ಲೇ ಮೆಲ್ಲಗೆ ತೊಳೆದು, ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ ಒತ್ತಿ ನೀರು ತೆಗೆಯಿರಿ. ಪೆಟ್ರೋಲ್, ಥಿನ್ನರ್, ಕಿಟಕಿ ಗಾಜು ಒರೆಸುವ ಸ್ಪ್ರೇ ಯಾವುದೂ ಬೇಡ, ಪಾಲಿಕಾರ್ಬೊನೇಟ್ ಮಂಕಾಗುತ್ತದೆ, ಒಳಗೊಳಗೇ ಬಿರುಕು ಬಿಡುತ್ತದೆ. ಫೋಟೋಕ್ರೊಮಿಕ್ ಪದರಕ್ಕಂತೂ ಇನ್ನೂ ಕೆಟ್ಟದು.

ಚಳಿಗಾಲದ ಮಂಜಿನಲ್ಲಿ, ಮಳೆಯಲ್ಲಿ ಉಸಿರು ತಾಗಿ ಗ್ಲಾಸ್ ಒಳಗಿನಿಂದ ಮಬ್ಬಾಗುತ್ತದೆ. ಗದ್ದದ ಹತ್ತಿರದ ಗಾಳಿಕಿಂಡಿ ತೆರೆದಿಡಿ, ಗ್ಲಾಸ್ ಒಂದು ಮೆಟ್ಟಿಲು ಎತ್ತಿಡಿ. ದಿನಾ ನಸುಕಿನಲ್ಲೇ ಹೊರಡುವವರಾದರೆ ಪಿನ್‌ಲಾಕ್ ಎನ್ನುವ ಒಳಹಾಳೆ ಹಾಕಲು ಬರುವ ಹೆಲ್ಮೆಟ್ ನೋಡಿ. ಗ್ಲಾಸಿಗೂ ಹಾಳೆಗೂ ನಡುವೆ ಗಾಳಿಯ ಪದರ ಉಳಿಯುವುದರಿಂದ ಮಬ್ಬು ಕಟ್ಟುವುದಿಲ್ಲ.

ಬಿಳಿ ಗ್ಲಾಸನ್ನು ವರ್ಷಕ್ಕೊಮ್ಮೆ ಬದಲಾಯಿಸಿದರೂ ನಷ್ಟ ಏನಿಲ್ಲ. ರಾತ್ರಿ ಎದುರು ಬೆಳಕಿಗೆ ಗೀರು ಕಾಣತೊಡಗಿದರೆ ವರ್ಷ ಆಗುವವರೆಗೂ ಕಾಯಬೇಡಿ. ಹೆಲ್ಮೆಟ್ ಕೊಂಡ ದಿನವೇ ಅದೇ ಮಾಡೆಲ್ಲಿನ ಇನ್ನೊಂದು ಬಿಳಿ ಗ್ಲಾಸ್ ಸೇರಿಸಿ ಬಿಲ್ ಮಾಡಿಸಿ, ಕಂಪನಿಗಳು ಮಾಡೆಲ್ ನಿಲ್ಲಿಸಿದ ಮೇಲೆ ಅದರ ಗ್ಲಾಸ್ ಹುಡುಕುವುದು ಕಷ್ಟ. ಬಿಲ್ಲಿನ ಮೇಲೆ ಮಾಡೆಲ್ ಹೆಸರು, ಸೈಜ್ ಬರೆಸಿಕೊಂಡು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.